ಡ್ಯೂಕ್ ಸಾಹೇಬರ ಕೂಸಿಗೆ ಆಯಾ ಬೇಕಾಗಿದ್ದಾಳೆ

ಫೋನಿನಲ್ಲಿ ಓದುವ ಕೊರಿಯಾದ ವೆಬ್‌ಕಾಮಿಕ್ಸ್ ಹುಚ್ಚಿನಿಂದಾಗಿ ಚಿಕ್ಕಮಗಳೂರಿನ ಮಟ್ಟಿಗೆ ಈಗ ಉತ್ತರ ದೇಶದ ಡ್ಯೂಕ್, ಅಂದರೆ ಆ ಕತೆಗಳ ಅರಮನೆಯ ದೊರೆ, ಮನೆಯವನೇ ಆಗಿಬಿಟ್ಟಿದ್ದಾನೆ. ಆಳೆತ್ತರ, ಕಪ್ಪು ಕೂದಲು, ಹಿಮಗಟ್ಟಿದ ಮನಸ್ಸು, ಜೊತೆಗೆ ಯಾರ ಹತ್ತಿರವೂ ಹೋಗದ ಐದು ವರ್ಷದ ಒಂದು ಕೂಸು. ಅಡುಗೆಮನೆಯ ಬಡ ಹುಡುಗಿ ಒಂದು ಸಂಜೆ ಅದಕ್ಕೆ ಸೂಪು ಕುಡಿಸುತ್ತಾಳೆ. ಅಲ್ಲಿಂದ ಮುಂದೆ ನೂರು ಕಂತು ಕಣ್ಣೀರು. ಡ್ಯೂಕ್ ಬೇಸರವಾದರೆ ಬಾಡಿಗೆ ಕೊಲೆಗಾರ ಸಾಕಿದ ಕೂಸು ಇದೆ, ರಾಕ್ಷಸರಾಜ ಸಾಕಿದ ಕೂಸಿದೆ, ವಿಷ ಹಾಕಲು ಬಂದು ಜಡೆ ಹೆಣೆಯಲು ಕೂತ ಮಲತಾಯಿ ಇದ್ದಾಳೆ. ಕೂಸು ಎತ್ತಿಕೊಳ್ಳಲು ಯಾರು ನಾಲಾಯಕ್ಕೋ ಅವರ ಕಂಕುಳಿಗೇ ಕೂಸು ಹಾಕುವುದು ಈ ವೆಬ್‌ಕಾಮಿಕ್ಸ್‌ನ ಕಾನೂನು.

ಅಂಟು ಹತ್ತುವುದು ಹೇಗೆ ಎಂಬುದು ಗುಟ್ಟೇನಲ್ಲ. ಕೊರಿಯಾದಲ್ಲಿ ನೇವರ್ ಕಂಪನಿ 2004ರಲ್ಲಿ ವೆಬ್‌ಟೂನ್ ಎಂಬ ಕಾಮಿಕ್ಸ್ ತಾಣ ಶುರುಮಾಡಿತು, 2014ರಲ್ಲಿ ಅದು ಇಂಗ್ಲಿಷಿಗೂ ಬಂತು. ಪುಟ ಮಗುಚುವ ಕೆಲಸವಿಲ್ಲ, ಹೆಬ್ಬೆರಳಿನಿಂದ ಜಾರಿಸುತ್ತಾ ಹೋಗುವುದು. 800 ಪಿಕ್ಸೆಲ್ ಅಗಲ, 1280 ಎತ್ತರದ ತುಂಡುಗಳು, ಒಂದರ ಕೆಳಗೆ ಒಂದು. ಎರಡು ಚಿತ್ರಗಳ ನಡುವಿನ ಖಾಲಿ ಜಾಗವೇ ಇಲ್ಲಿ ಸಮಯ. ಡ್ಯೂಕ್ ತಿರುಗಿ ನೋಡುವ ಮೊದಲು ಒಂದು ಗೇಣು ಬಿಳಿ ಬಿಟ್ಟರೆ ಓದುವವರ ಎದೆ ಡವಡವ. ಎರಡು ಗೇಣು ಬಿಟ್ಟರೆ ನೆಟ್‌ವರ್ಕ್ ಹೋಯಿತು ಅಂದುಕೊಳ್ಳುತ್ತಾರೆ. ಕೊಟ್ಟಿಗೆಹಾರದ ಕಡೆ ಅದು ಹೋಗಿಯೂ ಇರುತ್ತದೆ. ಕೂಸಿನ ಕೈ ಮೆಟ್ಟಿಲ ಅಂಚಿನಿಂದ ಜಾರಿದ ಕ್ಷಣಕ್ಕೆ ಕಂತು ಮುಗಿಸಬೇಕು. ಮುಂದಿನದು ವಾರದ ನಂತರ, ತಡೆಯಲಾಗದವರು ಆ ತಾಣದ ನಾಣ್ಯ ಖರೀದಿಸಿ ಈಗಲೇ ಓದಬಹುದು.

ಇಂಥದ್ದೊಂದನ್ನು ನಮ್ಮ ಮಲೆನಾಡಿನಲ್ಲೇ ಮಾಡೋಣ ಎಂದು ಹೊರಟವರಿಗೆ ಮೊದಲ ತೊಡಕು ಆ ಮೆಟ್ಟಿಲೇ. ಕೊರಿಯಾದ ಸ್ಟುಡಿಯೋಗಳು ಅರಮನೆಯನ್ನು ಪ್ರತಿ ಸಲ ಕೂತು ಬಿಡಿಸುವುದಿಲ್ಲ. ಸ್ಕೆಚ್‌ಅಪ್ ಎಂಬ ತಂತ್ರಾಂಶದ ತ್ರೀಡಿ ಮಾಡೆಲ್ ದುಡ್ಡು ಕೊಟ್ಟು ತಂದು, ಬೇಕಾದ ಕೋನಕ್ಕೆ ತಿರುಗಿಸಿ, ಮೇಲೆ ಗೆರೆ ಎಳೆಯುತ್ತಾರೆ. ಹತ್ತು ಕತೆಯ ಹತ್ತು ಡ್ಯೂಕರು ಒಂದೇ ಮೆಟ್ಟಿಲಿಳಿದು ಬರುವುದು ಅದಕ್ಕೇ. ಆಲ್ದೂರಿನ ಕಾಫಿ ತೋಟದ ಬಂಗಲೆಗೆ ಈ ಮಾಡೆಲ್ ಕೂರುವುದಿಲ್ಲ. ಮಂಗಳೂರು ಹಂಚು, ಜಗಲಿ, ಜಗಲಿಗೆ ಮೂರು ಕಲ್ಲಿನ ಮೆಟ್ಟಿಲು, ಅಷ್ಟೆ. ಆದರೆ ಆ ಮೂರರಲ್ಲಿ ಅರಮನೆಯ ಮೂವತ್ತರ ಕೆಲಸ ನಡೆಯುತ್ತದೆ. ಕೂಲಿ ಬಟವಾಡೆಯ ದಿನ ಸಾವ್ಕಾರ್ರು ಜಗಲಿಯ ಕುರ್ಚಿಯಲ್ಲಿ, ಲೆಕ್ಕ ಬರೆಯುವ ರೈಟರು ಪಕ್ಕದ ಮೇಜಿನಲ್ಲಿ, ಮೇಸ್ತ್ರಿ ಎರಡನೇ ಮೆಟ್ಟಿಲಲ್ಲಿ, ಹಣ್ಣು ಕೊಯ್ದವರು ಕಣದಲ್ಲಿ. ಕಾಮಿಕ್ಸ್‌ನಲ್ಲಿ ಈ ದೃಶ್ಯ ಬರುವುದೇ ಇಲ್ಲ. ಆಯಾಗೆ ಸಂಬಳ ಎಂದರೆ ಒಂದು ಚೌಕದಲ್ಲಿ ಝಣ್ ಎನ್ನುವ ಚಿನ್ನದ ಚೀಲ. ಹಣ್ಣಿನ ಕಿಲೋ ಲೆಕ್ಕ, ಅದರಲ್ಲಿ ಚೀಲದ ತೂಕ ಕಳೆಯುವುದು, ಹೋದ ವಾರದ ಮುಂಗಡ ಮುರಿದುಕೊಳ್ಳುವುದು, ಇದನ್ನೆಲ್ಲ ಒಂದೇ ಒಂದು ಕಂತಿನಲ್ಲಿ ತೋರಿಸಿ ನೋಡಿ. ನಾಣ್ಯ ಕೊಂಡವರು ವಾಪಸು ಕೇಳುತ್ತಾರೆ.

ಎರಡನೇ ತೊಡಕು ಕೂಸು. ಕಾಮಿಕ್ಸ್ ಕೂಸಿಗೆ ಮೂಗು ಸೋರುವುದಿಲ್ಲ. ಒಮ್ಮೆ ಮಾತ್ರ ಜ್ವರ ಬರುತ್ತದೆ, ಡ್ಯೂಕ್ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕಲಿ ಎಂದು. ಒಂಬತ್ತು ಚೌಕದಲ್ಲಿ ಇಳಿದೂ ಬಿಡುತ್ತದೆ. ನಮ್ಮ ಕಡೆ ‘ಯಾರೂ ನಿರೀಕ್ಷಿಸದ ಪಾಲಕರು’ ಬೇಕೆಂದರೆ ಹುಡುಕಬೇಕಾಗಿಯೇ ಇಲ್ಲ. ಕೊಯ್ಲಿನ ಕಾಲದಲ್ಲಿ ಹಲಸಿನ ಕೊಂಬೆಗೆ ಹಳೇ ಸೀರೆಯ ಜೋಲಿ, ಒಳಗೆ ಏಳು ತಿಂಗಳಿನದು, ಹೊರಗೆ ಕಾಲಿಂದ ತೂಗುತ್ತಾ ಎಂಟು ವರ್ಷದ ಅಕ್ಕ. ಜೋಲಿಯ ಗಂಟು ಹಿಡಿದು ಚಗಳಿ ಇರುವೆ ಇಳಿಯುತ್ತದೆ, ಕೂಸು ಚೀರುತ್ತದೆ, ಅಕ್ಕ ಒಂದೊಂದೇ ಚಗಳಿ ಹೆಕ್ಕಿ ಬಿಸಾಡುತ್ತಾಳೆ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ 50 ಹೆಣ್ಣಾಳು ಇರುವ ತೋಟದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೊಂದು ಕೋಣೆ, ನೋಡಿಕೊಳ್ಳಲು ತರಬೇತಾದ ಹೆಂಗಸು ಇರಬೇಕೆಂದಿತ್ತು. ನಮ್ಮ ತೋಟಗಳಲ್ಲಿ ಬಹುಪಾಲು 10 ಹೆಕ್ಟೇರ್ ಒಳಗಿನವು, 50ರ ಲೆಕ್ಕ ಎಲ್ಲಿಂದ ಮುಟ್ಟಬೇಕು? ಹಾಗಾಗಿ ಆಯಾ ಹುದ್ದೆಗೆ ಅಕ್ಕನೇ ನೇಮಕ. ಇಷ್ಟೊಳ್ಳೆ ಕತೆಯಲ್ಲಿ ಡ್ಯೂಕನಿಗೆ ಪಾತ್ರವಿಲ್ಲ ನೋಡಿ, ಯಾರು ಓದುತ್ತಾರೆ.

ನಿಜವಾದ ಫಜೀತಿ ಮಾತಿನದು. ಕೊರಿಯನ್ನಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎನ್ನುವುದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಮರ್ಯಾದೆಯ ಮಾತು ಜೊಂದೆಮಾಲ್, ಸಲಿಗೆಯದು ಬಾನ್‌ಮಾಲ್. ಡ್ಯೂಕ್ ಯಾವ ಚೌಕದಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರಿದ ಎಂದು ಅಲ್ಲಿಯವರು ಉಸಿರು ಹಿಡಿದು ಕಾಯುತ್ತಾರೆ. ಇಂಗ್ಲಿಷಿಗೆ ಬಂದಾಗ ಎರಡೂ ‘ಯೂ’. ಡ್ಯೂಕನೂ ಯೂ, ಪಾತ್ರೆ ತೊಳೆಯುವವಳೂ ಯೂ. ನಮ್ಮವರು ಓದುವುದು ಈ ತೊಳೆದಿಟ್ಟ ಪ್ರತಿಯನ್ನು. ವರ್ಗಭೇದ ಅಷ್ಟು ಮುದ್ದಾಗಿ ಕಾಣುವುದಕ್ಕೆ ಅರ್ಧ ಪಾಲು ಆ ‘ಯೂ’ ಕಾರಣ.

ಕನ್ನಡಕ್ಕೆ ತಂದರೆ ಬಾಲ ಮತ್ತೆ ಚಿಗುರುತ್ತದೆ. ತೋಟದಲ್ಲಿ ಅರವತ್ತು ದಾಟಿದ ಆಳು ‘ಊಟ ಆಯ್ತಾ ಬುದ್ಧೀ’ ಅಂತ ಕೇಳುತ್ತಾನೆ. ಆರು ವರ್ಷದ ಚಿಕ್ಕ ಸಾವ್ಕಾರ್ರು ‘ಏಯ್, ಚೆಂಡು ಎತ್ಕೊಡೋ’ ಅನ್ನುತ್ತಾರೆ. (ಅಜ್ಜ ಕೇಳುತ್ತಾನೆ, ಹುಡುಗ ಅನ್ನುತ್ತಾರೆ. ಬರೆಯುವಾಗ ಹಾಗೇ ಬಂತು. ತಿದ್ದಿಲ್ಲ, ಮಾದರಿಗೆ ಇರಲಿ.) ಕೊರಿಯನ್ ಕತೆಯಲ್ಲಿ ಪ್ರೀತಿ ಹುಟ್ಟಿದರೆ ಮಾತು ಸಲಿಗೆಗೆ ಇಳಿಯುತ್ತದೆ. ನಮ್ಮಲ್ಲಿ ಆಳಿನ ಜೊತೆ ಆ ಸಲಿಗೆ ಮೊದಲ ದಿನವೇ ಇರುವುದರಿಂದ ಇಳಿಯಲು ಜಾಗವಿಲ್ಲ, ಹತ್ತಬೇಕು. ಸಾವ್ಕಾರ್ರು ಅಡುಗೆಯವಳಿಗೆ ‘ನೀವು’ ಅಂದುಬಿಟ್ಟರೆ ಅದೇ ಕ್ಲೈಮ್ಯಾಕ್ಸ್. ಓದುಗರು ರಾಕ್ಷಸರಾಜ ತೊಟ್ಟಿಲು ತೂಗಿದ್ದನ್ನು ನಂಬಿಯಾರು, ಇದನ್ನು ನಂಬುವುದಿಲ್ಲ. ಎಂ.ಜಿ. ರಸ್ತೆ ಹಿಂದಿನ ಯಾವ ಮನೆಯ ಸೋಫಾ ಬೇಕಾದರೂ ನೋಡಿ: ಆಯಾಳ ಹರಿದ ಚಪ್ಪಲಿಗೆ ಡ್ಯೂಕ್ ಮಂಡಿಯೂರಿದ ಚಿತ್ರದ ಮೇಲೆ ಕಣ್ಣೀರು ಬಿದ್ದು ಫೋನು ತಾನೇ ಜಾರುತ್ತಿರುತ್ತದೆ. ‘ಲೇ, ಲೋಟ ತಗೊಂಡು ಹೋಗೇ’ ಎಂಬ ಕೂಗೂ ಅಲ್ಲಿಂದಲೇ ಬರುತ್ತದೆ. ತಗೊಂಡು ಹೋದವಳ ಲೋಟ ಬೇರೆ, ಸಿಂಕಿನ ಕೆಳಗೆ ಮೊಳೆಗೆ ತಗುಲಿಸಿದೆ.

ಆದರೂ ಕನ್ನಡದಲ್ಲಿ ಮಾಡೇ ತೀರುತ್ತೇವೆ ಎನ್ನುವವರು ಅಕ್ಷರ ಕೂರಿಸುವಾಗ ಹುಷಾರು. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಅಕ್ಷರ ಜೋಡಣೆ ಆರಿಸದಿದ್ದರೆ ಒತ್ತು ಕಳಚಿಕೊಂಡು ‘ಪ್ರೀತಿ’ಯೇ ಪ ಒಂದು ಕಡೆ, ರ ಒಂದು ಕಡೆ ಆಗುತ್ತದೆ. ‘ಬಿಟ್ಟುಹೋಗಬೇಕಾಗಿದ್ದರಿಂದ’ ಎಂಬುದು ಒಂದೇ ಪದ, ದುಂಡನೆ ಮಾತಿನ ಬಲೂನಿನಲ್ಲಿ ಎರಡೂ ಕಡೆ ಹೊರಗೆ ಇಣುಕುತ್ತದೆ. ಬಲೂನನ್ನು ಅಡ್ಡಕ್ಕೆ ಎಳೆಯಿರಿ ಅಥವಾ ಪದ ಒಡೆಯಿರಿ. ‘ನೀನು’ ತೆಗೆದು ‘ನೀವು’ ಹಾಕುವುದಕ್ಕೆ ಬಲೂನು ಮುಟ್ಟಬೇಕಾಗಿಲ್ಲ, ಎರಡಕ್ಕೂ ಎರಡೇ ಅಕ್ಷರ. ‘ಬಾ’ ಇದ್ದಲ್ಲಿ ‘ಬನ್ನಿ’ ಹಾಕುವಾಗ ಮಾತ್ರ ನೋಡಿಕೊಳ್ಳಿ: ನ ಒತ್ತು ಕೆಳಗಿನ ಗೆರೆಗೆ ತಾಗುತ್ತದೆ.