ಉಳಾಯಿ ಪೋಲೆ

ಮೊನ್ನೆ ಶುಕ್ರವಾರ ನಮ್ಮ ಆಫೀಸಿನಲ್ಲಿ ನಮ್ಮನ್ನು ನಾವೇ ಹುಡುಕಿಕೊಳ್ಳುವ ಕಾರ್ಯಕ್ರಮ ಇತ್ತು. ಹಾಜರಿ ಕಡ್ಡಾಯ. ಹುಡುಕಾಟಕ್ಕೆ ಹೋದ ಎರಡು ಗಂಟೆಯ ಕೆಲಸವನ್ನು ಶನಿವಾರ ಮನೆಯಲ್ಲಿ ಕೂತು ಮುಗಿಸಬೇಕು, ಅದೂ ಕಡ್ಡಾಯ.

ಬೆಂಗಳೂರಿನಿಂದ ಬಂದ ಟ್ರೈನರ್ ಒಬ್ಬೊಬ್ಬರ ಕೈಗೂ ಹಳದಿ ಚೀಟಿ ಕೊಟ್ಟು, "ನೀವು ಬೆಳಿಗ್ಗೆ ಯಾಕಾಗಿ ಏಳುತ್ತೀರಿ, ಬರೆಯಿರಿ" ಎಂದರು. ನಾನು "7.10ರ ಬಸ್ಸಿಗಾಗಿ" ಎಂದು ಬರೆದೆ. ನಿಜ ಅಲ್ವಾ? ಅದು ತಪ್ಪಿದರೆ ಮುಂದಿನದರಲ್ಲಿ ಮೂಡುಬಿದಿರೆಯಿಂದ ಮಂಗಳೂರಿನವರೆಗೆ ಒಂದೇ ಕಾಲಲ್ಲಿ ನಿಲ್ಲಬೇಕು, ಕಂಡಕ್ಟರ್ ಬೇರೆ "ಉಳಾಯಿ ಪೋಲೆ, ಉಳಾಯಿ" ಎಂದು ದೂಡುತ್ತಾ ಇರುತ್ತಾನೆ. ಟ್ರೈನರ್ ನನ್ನ ಚೀಟಿ ಓದಿ, "ಇನ್ನೂ ಸ್ವಲ್ಪ ಒಳಗೆ ಹೋಗಿ" ಎಂದರು. ಕಂಡಕ್ಟರ್ ಹೇಳುವುದೂ ಅದನ್ನೇ.

ದೊಡ್ಡವರು ನಮ್ಮ ಬಗ್ಗೆ ಎಷ್ಟೊಂದು ಯೋಚನೆ ಮಾಡುತ್ತಾರೆ ಮಾರಾಯ್ರೇ! 2023ರಲ್ಲಿ ಒಬ್ಬರು ವಾರಕ್ಕೆ 70 ಗಂಟೆ ದುಡಿಯಿರಿ ಎಂದರು. 2025ರ ಜನವರಿಯಲ್ಲಿ ಇನ್ನೊಬ್ಬರು ಅದನ್ನು 90ಕ್ಕೆ ಏರಿಸಿ, ಎಷ್ಟು ಹೊತ್ತು ಅಂತ ಹೆಂಡತಿ ಮುಖ ನೋಡ್ತೀರಿ ಎಂದೂ ಕೇಳಿದರು. ಭಾನುವಾರವೂ ಸೇರಿ ದಿನಕ್ಕೆ ಸುಮಾರು 13 ಗಂಟೆ. ಬೆಳಗಿನವರೆಗೆ ಆಡುತ್ತಿದ್ದ ಯಕ್ಷಗಾನಕ್ಕೇ ಈಗ ಎಷ್ಟೋ ಕಡೆ ಕಾಲಮಿತಿ ಬಂದಿದೆ, ಮಹಿಷಾಸುರನೂ ಮಧ್ಯರಾತ್ರಿಯ ಒಳಗೆ ಸತ್ತು, ಬಣ್ಣ ತೆಗೆದು ಮನೆಗೆ ಹೋಗುತ್ತಾನೆ. ನಮ್ಮ ಪ್ರಾಜೆಕ್ಟ್ ಕಾಲ್ ಮಾತ್ರ ಇನ್ನೂ ಹಳೇ ಕ್ರಮದ ಬಯಲಾಟ.

ನನ್ನ ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಹುಡಿ, ನೂಲು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಬೀಡಿ ಕಂಪನಿಯ ಬ್ರಾಂಚಿನವ ಎಣಿಸಿ, ಸರಿಯಿಲ್ಲದ್ದನ್ನು ಬದಿಗೆ ಎಸೆದು ದುಡ್ಡು ಹಿಡಿಯುತ್ತಿದ್ದ. ದೊಡ್ಡಮ್ಮ ಅವನಿಗೆ ಬೈಯುತ್ತಲೇ ಮನೆ ಸೇರುತ್ತಿದ್ದರು. ಸುಖದ ಕೆಲಸ ಅಲ್ಲವೇ ಅಲ್ಲ, ಆ ಕೆಮ್ಮು ಈಗಲೂ ನನ್ನ ಕಿವಿಯಲ್ಲಿ ಉಂಟು. ಆದರೆ ಬ್ರಾಂಚಿನವ ಒಂದು ದಿನವೂ "ಅಕ್ಕಾ, ನಿಮಗೆ ಬೀಡಿ ಮೇಲೆ ಪ್ರೀತಿ ಉಂಟಾ?" ಎಂದು ಕೇಳಿದವನಲ್ಲ. "ನಾವೆಲ್ಲ ಒಂದೇ ಕುಟುಂಬ" ಎಂದಿದ್ದರೆ ದೊಡ್ಡಮ್ಮ ತಡ್ಪೆಯಲ್ಲೇ ಒಂದು ಬಿಡುತ್ತಿದ್ದರು.

ನಮ್ಮದು ಹಾಗಲ್ಲ. ಕೆಲಸವನ್ನೂ ಕೊಡಬೇಕು, ಮನಸ್ಸನ್ನೂ ಕೊಡಬೇಕು. ಎರಡನೆಯದಕ್ಕೆ ಮಜೂರಿ ಇಲ್ಲ. ಜಾಸ್ತಿ ಸುಸ್ತಾದರೆ ಆಫೀಸಿನದೇ ಒಂದು ಆಪ್ ಉಂಟು. ರಾತ್ರಿ ಹನ್ನೊಂದಕ್ಕೆ "ದೀರ್ಘವಾಗಿ ಉಸಿರಾಡಿ" ಎನ್ನುತ್ತದೆ, ಅದರ ಕೆಳಗೇ ಮ್ಯಾನೇಜರರ "ಒಂದು ಸಣ್ಣ ಕೆಲಸ ಇತ್ತು".

2024ರಲ್ಲಿ ಪುಣೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಿಗೆ 26 ವರ್ಷದ ಹುಡುಗಿ ತೀರಿಕೊಂಡಳು. ಕೆಲಸದ ಹೊರೆಯೇ ಕಾರಣ ಎಂದು ಅವಳ ತಾಯಿ ಕಂಪನಿಗೆ ಪತ್ರ ಬರೆದರು. ಆಗ ಕೇಂದ್ರದ ಮಂತ್ರಿಯೊಬ್ಬರು, ಒತ್ತಡ ತಡೆಯುವ ಆತ್ಮಬಲವನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕು ಎಂದರು. ಮಗಳನ್ನು ಕಳೆದುಕೊಂಡ ಮನೆಗೆ ಹೇಳುವ ಮಾತಾ ಇದು? ಆತ್ಮಬಲ ಎಂತದ್ದೂ ಬೇಡ, ಹೊತ್ತಿಗೆ ಸರಿಯಾಗಿ ಮನೆಗೆ ಬಿಡಿ. ಅಷ್ಟು ಸಾಕು.

ಕಾರ್ಯಕ್ರಮ ಮುಗಿಯುವಾಗ ಅರ್ಧ ಗಂಟೆ ತಡ. ನನ್ನನ್ನು ನಾನು ಕಂಡುಕೊಂಡದ್ದಕ್ಕೆ ಸರ್ಟಿಫಿಕೇಟ್ ಕೊಟ್ಟರು, ನೋಡಿದರೆ ಅದರಲ್ಲಿದ್ದದ್ದು ಪಕ್ಕದ ಟೀಮಿನವರ ಹೆಸರು. ಬದಲಿಸಿಕೊಳ್ಳಲು ಪುರುಸೊತ್ತು ಇರಲಿಲ್ಲ. ಅದನ್ನೇ ಹಿಡಿದುಕೊಂಡು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಓಡಿದೆ. 6.20ರ ಬಸ್ಸು ಹೋಗಿ ಆಗಿತ್ತು.