ಕಾರ್ಬುರೇಟರ್ ಕೂರಿಸುವ ಮೊದಲು ಪ್ರೆಷರ್ ನೋಡಿ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಹಳೆ ಬೆಂಜ್ 280ಇ ಗ್ಯಾರೇಜಿಗೆ ಬಂತು ಅಂದರೆ ಮೊದಲ ಸಲಹೆ ಒಂದೇ: "ಇಂಜೆಕ್ಷನ್ ಕಿತ್ತು ಬಿಸಾಕಿ ಕಾರ್ಬುರೇಟರ್ ಕೂರಿಸೋಣ ಸಾರ್." ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಟ್ಟಿರುವುದು ಸಾಮಾನ್ಯವಾಗಿ ಇಂಜೆಕ್ಷನ್ ಅಲ್ಲ, ಅದರೊಳಗೆ ಉಳಿದ ಪೆಟ್ರೋಲ್.

ಆ ಕಾರಿನಲ್ಲಿರುವುದು ಬಾಷ್ ಕಂಪನಿಯ ಕೆ-ಜೆಟ್ರಾನಿಕ್, ಅಂದರೆ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಸಿಸ್ಟಮ್. 1973ರಲ್ಲಿ ಬಂದದ್ದು. ಪೋರ್ಷೆ, ವೋಲ್ವೋ, ಗಾಲ್ಫ್ ಜಿಟಿಐಗಳಲ್ಲೂ ಇದೇ ಇತ್ತು. ಆಗಿನ ಮಾದರಿಯಲ್ಲಿ ಕಂಪ್ಯೂಟರ್ ಇಲ್ಲವೇ ಇಲ್ಲ. ಒಳಗೆ ಹೋಗುವ ಗಾಳಿ ಒಂದು ತಟ್ಟೆಯನ್ನು ಸರಿಸುತ್ತದೆ. ತಟ್ಟೆಗೆ ಸೇರಿದ ಸನ್ನೆಕೋಲು ಒಂದು ಪ್ಲಂಜರನ್ನು, ಅಂದರೆ ಗೂಡಿನೊಳಗೆ ಮೇಲೆ ಕೆಳಗೆ ಜಾರುವ ಸಣ್ಣ ಲೋಹದ ಕಡ್ಡಿಯನ್ನು, ಎತ್ತುತ್ತದೆ. ಪ್ಲಂಜರ್ ಎಷ್ಟು ಎದ್ದಿತೋ, ಪೆಟ್ರೋಲ್ ಹೋಗಲು ಸಿಲಿಂಡರಿಗೊಂದರಂತೆ ಇರುವ ಸೀಳುಗಳು ಅಷ್ಟು ತೆರೆಯುತ್ತವೆ. ಆ ಸೀಳಿನ ಅಗಲ ಬರೀ 0.2 ಮಿಲಿಮೀಟರ್! ಪೆಟ್ರೋಲ್ ಒಣಗಿ ಅಂಟಾದರೆ ಪ್ಲಂಜರ್ ಕಚ್ಚಿಕೊಳ್ಳದೆ ಇನ್ನೇನಾಗುತ್ತದೆ?

ಹಾಗಾಗಿ ಸುಮ್ನೆ ಸೆಲ್ಫ್ ಹೊಡೆಯಬೇಡಿ. ಟ್ಯಾಂಕಿನ ತುಕ್ಕೆಲ್ಲ ಎಳೆದು ತಂದು ಒಳಗೆ ತುಂಬಿದಂತಾಗುತ್ತದೆ. ಮೊದಲು ಟ್ಯಾಂಕ್ ಖಾಲಿ ಮಾಡಿ, ಜಾಲರಿ ತೊಳೆದು, ಫಿಲ್ಟರ್ ಹೊಸದು ಹಾಕಿ. ಪಂಪ್ ತಂಪಾಗುವುದು ಪೆಟ್ರೋಲಿನಿಂದಲೇ, ಒಣಗಿಸಿ ಓಡಿಸಬೇಡಿ. ರಬ್ಬರ್ ಪೈಪುಗಳನ್ನಂತೂ ನಂಬಲೇಬೇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಹಳೆ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಈ ಸಿಸ್ಟಮ್ಮಿನಲ್ಲಿ ಪ್ರೆಷರ್ ಸುಮಾರು 5 ಬಾರ್. ಕಾರ್ಬುರೇಟರಿನ ಪೈಪ್ ಹಾಕಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ. ಕೆಲಸ ಮಾಡುವಾಗ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಲಿ.

ಆಮೇಲೆ ಪ್ರೆಷರ್ ಅಳೆಯುವ ಗೇಜ್ ಹಾಕಿ. ಮುಖ್ಯ ಪ್ರೆಷರ್ ಎಷ್ಟು, ಕಂಟ್ರೋಲ್ ಪ್ರೆಷರ್ (ಪ್ಲಂಜರನ್ನು ಮೇಲಿನಿಂದ ಒತ್ತಿ ಹಿಡಿಯುವ ಪ್ರೆಷರ್) ಇಂಜಿನ್ ತಣ್ಣಗಿದ್ದಾಗ ಎಷ್ಟು, ಬಿಸಿಯಾದ ಮೇಲೆ ಎಷ್ಟು, ಆಫ್ ಮಾಡಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ. ಮುಕ್ಕಾಲು ಪಾಲು ಉತ್ತರ ಇಲ್ಲೇ ಸಿಗುತ್ತದೆ. ಪಂಪನ್ನು ಸ್ವಲ್ಪ ಓಡಿಸಿ ನಿಲ್ಲಿಸಿ, ತಟ್ಟೆಯನ್ನು ಕೈಯಲ್ಲಿ ನಿಧಾನವಾಗಿ ಅಲುಗಿಸಿ. ಕೊನೆಯವರೆಗೂ ಒಂದೇ ಸಮನಾದ ಬಿಗಿ ಸಿಗಬೇಕು. ನಡುವೆ ಎಲ್ಲೋ ಸಡಿಲವಾದರೆ ಪ್ಲಂಜರ್ ಸಿಕ್ಕಿಕೊಂಡಿದೆ ಎಂದೇ ಲೆಕ್ಕ. ಅದನ್ನು ನೆನೆಸಿಟ್ಟು ಬಿಡಿಸಬೇಕು. ಎಮರಿ ಪೇಪರ್ ತಾಗಿಸಿದರೆ ಮಾತ್ರ ಅದರ ಕಥೆ ಮುಗಿಯಿತು, ಏಕೆಂದರೆ ಪ್ಲಂಜರನ್ನೂ ಅದರ ಗೂಡನ್ನೂ ಜೋಡಿ ಮಾಡಿಯೇ ಕಳಿಸಿರುತ್ತಾರೆ.

ನನಗೆ ಕೋಪ ಬರುವುದು 3 ಎಂಎಂ ಆಲನ್ ಕೀ ವಿಷಯಕ್ಕೆ. ಬಾನೆಟ್ ತೆಗೆದ ತಕ್ಷಣ ಅದನ್ನು ತೂರಿಸಿ, ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸುತ್ತಾರೆ. ದಯವಿಟ್ಟು ಬೇಡ! ಗಾಳಿ ಹೋಗುವ ದಾರಿಯ ಬಿರುಕುಬಿಟ್ಟ ರಬ್ಬರ್ ಬೂಟಿನಿಂದ ಗಾಳಿ ನುಗ್ಗುತ್ತಿದ್ದರೆ ಆ ಸ್ಕ್ರೂ ಏನು ತಾನೇ ಮಾಡೀತು? ಅದು ಕಟ್ಟಕಡೆಯ ಕೆಲಸ.

ನಮ್ಮ ಕಡೆ ಡೀಸೆಲ್ ಪಂಪ್ ಹೋಯಿತು ಅಂತ ಯಾರಾದರೂ ಬಿಸಾಕುತ್ತಾರಾ? ಮೈಕೋ (ಭಾರತದ ಬಾಷ್ ಕಂಪನಿಯ ಹಳೆ ಹೆಸರು) ಪಂಪನ್ನು ಟೆಸ್ಟ್ ಬೆಂಚಿಗೆ ಹಾಕಿ ಕ್ಯಾಲಿಬ್ರೇಷನ್ ಮಾಡುವ ಮೇಸ್ತ್ರಿಗಳು ಎಷ್ಟೋ ಊರುಗಳಲ್ಲಿ ಇದ್ದಾರೆ. ನಳಿಗೆಯ ಸ್ಪ್ರೇ ನೋಡಿಯೇ ರೋಗ ಹೇಳುವವರು ಅವರು. ಅದೇ ಕಣ್ಣು, ಅದೇ ತಾಳ್ಮೆ ಇಲ್ಲಿಗೂ ಸಾಕು. ಅಂಥ ಒಬ್ಬರ ಹತ್ತಿರ ಕಾರನ್ನು ಒಯ್ಯಿರಿ, ಪ್ರೆಷರ್ ಅಂಕಿಗಳನ್ನು ಬರೆದುಕೊಂಡೇ ಹೋಗಿ.

ಬೆಂಗಳೂರಿನಲ್ಲಿ ಇಂಥ ಕಾರು ನಿಲ್ಲಿಸಿಕೊಂಡವರಿದ್ದರೆ ಕಾಮೆಂಟ್ ಹಾಕಿ. ಗೇಜ್ ಸೆಟ್ ನನ್ನ ಹತ್ತಿರ ಇದೆ, ಭಾನುವಾರ ಬಿಡುವಿರುತ್ತೇನೆ.