ಗ್ರಂಥಾಲಯದ ಕ್ಯಾಟಲಾಗಿಗೆ ಮುಕ್ತ ತಂತ್ರಾಂಶವೇ ಆಗಬೇಕೇ?

ಪರ: ದಾಖಲೆ ನಮ್ಮದು, ಬೀಗದ ಕೈಯೂ ನಮ್ಮಲ್ಲಿರಲಿ

ಎಲ್ಲ ಗ್ರಂಥಾಲಯಗಳೂ ನಾಳೆಯೇ ಮುಕ್ತ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ, ಬರಬೇಕೆಂದು ಹಟ ಹಿಡಿಯುವವನು ನಾನಲ್ಲ. ಆದರೂ ಈ ಪಕ್ಷ ವಹಿಸಿ ಬರೆಯಿರಿ ಎಂದಾಗ ಒಪ್ಪಿಕೊಂಡೆ, ಒಂದೇ ಕಾರಣಕ್ಕೆ. ಒಂದೊಂದು ಪುಸ್ತಕವನ್ನೂ ಕೈಗೆತ್ತಿಕೊಂಡು, ತಿರುವಿ ನೋಡಿ, ದಾಖಲೆ ಬರೆಯುವವರು ಗ್ರಂಥಪಾಲಕರು. ವರ್ಷಗಟ್ಟಲೆ ಹೀಗೆ ಕಟ್ಟಿದ ಕ್ಯಾಟಲಾಗ್ ಮಾರಾಟಗಾರನ ವಶದಲ್ಲಿ ಇರಬಾರದು.

1999ರಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯ ಟ್ರಸ್ಟಿಗೆ ಒಂದು ಚಿಂತೆ ಹತ್ತಿತ್ತು. ಅವರ ಹಳೆಯ ಕಂಪ್ಯೂಟರ್ ವ್ಯವಸ್ಥೆ 2000ನೆಯ ಇಸವಿಯನ್ನು ದಾಟುವಂತಿರಲಿಲ್ಲ. ಸಿದ್ಧವಾದದ್ದನ್ನು ಕೊಳ್ಳುವ ಬದಲು ಅವರು ಹೊಸದನ್ನೇ ಬರೆಸಿದರು. 2000ದ ಜನವರಿಯಲ್ಲಿ ಅದು ಕೆಲಸಕ್ಕೆ ನಿಂತಿತು. ಬರೆಸಿದ್ದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ. ಮಾವೋರಿ ಭಾಷೆಯಲ್ಲಿ ಉಡುಗೊರೆ ಎಂದು ಆ ಹೆಸರಿನ ಅರ್ಥ. ಅಮೆರಿಕದ ಜಾರ್ಜಿಯಾ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು 2006ರಲ್ಲಿ ಎವರ್‌ಗ್ರೀನ್ ಎಂಬ ಇಂಥದೇ ತಂತ್ರಾಂಶ ಕಟ್ಟಿಕೊಂಡವು. ಹುಡುಕಾಟಕ್ಕೆಂದೇ ಇರುವ ವ್ಯೂಫೈಂಡ್ ಬಂದದ್ದು ವಿಲ್ಲನೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ.

ಅತ್ತ ಮಾರುಕಟ್ಟೆಯನ್ನು ನೋಡಿ. ಗ್ರಂಥಾಲಯ ತಂತ್ರಾಂಶ ಮಾರುವ ಎಕ್ಸ್ ಲಿಬ್ರಿಸ್ ಕಂಪನಿಯನ್ನು 2015ರಲ್ಲಿ ಪ್ರೊಕ್ವೆಸ್ಟ್ ಎಂಬ ಕಂಪನಿ ಕೊಂಡಿತು. 2020ರಲ್ಲಿ ಅಂಥದೇ ಮತ್ತೊಂದು ಕಂಪನಿ ಇನ್ನೊವೇಟಿವ್ ಇಂಟರ್‌ಫೇಸಸ್ ಕೂಡ ಅದೇ ತೆಕ್ಕೆಗೆ ಬಂತು. 2021ರಲ್ಲಿ ಪ್ರೊಕ್ವೆಸ್ಟನ್ನೇ ಕ್ಲಾರಿವೇಟ್ ಕೊಂಡಿತು. ಒಡೆಯರು ಹೀಗೆ ಬದಲಾಗುತ್ತಾ ಹೋಗುವಾಗ ದಾಖಲೆ ಕಟ್ಟಿದವರು ನೋಡುತ್ತಾ ಕೂರಬೇಕು. ಮುಕ್ತ ತಂತ್ರಾಂಶದಲ್ಲಿ ಸೇವೆ ಕೊಡುವವರು ಅಂಗಡಿ ಮುಚ್ಚಿದರೂ ತಂತ್ರಾಂಶ ಉಳಿಯುತ್ತದೆ, ದಾಖಲೆ ನಮ್ಮಲ್ಲಿಯೇ ಇರುತ್ತದೆ.

ಕನ್ನಡದ ಕ್ಯಾಟಲಾಗಿನದೇ ಒಂದು ಉದಾಹರಣೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದಿಲ್ಲದಿದ್ದರೆ ವಕಾರ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ದಾಖಲೆ ಬರೆದವರು ಆ ಚಿಹ್ನೆ ಸೇರಿಸಿ, ಓದುಗರು ಸೇರಿಸದೆ ಟೈಪ್ ಮಾಡಿದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ಕಪಾಟಿನಲ್ಲಿರುವ ಪುಸ್ತಕ ತೆರೆಯ ಮೇಲೆ ಸಿಗುವುದಿಲ್ಲ. ವ್ಯೂಫೈಂಡಿಗೆ ಆಧಾರವಾಗಿರುವ ಸೋಲರ್ ಎಂಬ ಹುಡುಕಾಟದ ತಂತ್ರಾಂಶದಲ್ಲಿ ಇಂಥ ಚಿಹ್ನೆಗಳನ್ನು ಸೋಸಿ ತೆಗೆಯುವ ವ್ಯವಸ್ಥೆ ಇದೆ. ಅದನ್ನು ಅಳವಡಿಸಿ ಸೂಚಿಯನ್ನು, ಅಂದರೆ ಹುಡುಕುವಾಗ ಕಂಪ್ಯೂಟರ್ ನೋಡುವ ಪದಪಟ್ಟಿಯನ್ನು, ಮರಳಿ ಕಟ್ಟಿದರೆ ಎರಡು ರೂಪಗಳೂ ಒಂದಾಗುತ್ತವೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇದನ್ನೆಲ್ಲ ನಡೆಸಲು ಜನ ಎಲ್ಲಿದ್ದಾರೆ ಎಂದು ಕೇಳುವವರಿದ್ದಾರೆ. ತರಬೇತಿ ಕೊಟ್ಟರೆ ಕಲಿಯುತ್ತಾರೆ.

ವಿರೋಧ: ‘ಇಲ್ಲ’ ಎಂದು ಓದುಗರಿಗೆ ಹೇಳಿದವಳು ನಾನು

ತರಬೇತಿ ಕೊಟ್ಟರೆ ಕಲಿಯುತ್ತಾರಂತೆ. ನಾವೂ ಕಲಿತೆವು. ಕಲಿತವನು ಕೆಲಸ ಬಿಟ್ಟು ಹೋದ ಮೇಲೆ ಏನಾಯಿತು ಎಂಬುದನ್ನು ಹೇಳುತ್ತೇನೆ.

ನಾನಿದ್ದ ಗ್ರಂಥಾಲಯದಲ್ಲಿ ಒಬ್ಬ ಕಿರಿಯ ಸಹೋದ್ಯೋಗಿ ಮುಕ್ತ ತಂತ್ರಾಂಶವೊಂದನ್ನು ಎರಡು ತಿಂಗಳು ರಾತ್ರಿ ಹಗಲು ಕೂತು ಅಳವಡಿಸಿದ. ಒಳ್ಳೆಯ ಕೆಲಸಗಾರ, ಅದಕ್ಕೇ ಬೇರೆಯವರು ಕರೆದುಕೊಂಡರು. ಅವನು ಹೋದ ಕೆಲವು ತಿಂಗಳಿಗೆ ಹೊಸ ಪುಸ್ತಕಗಳ ಕಟ್ಟು ಬಂತು. ದಾಖಲೆಯ 245ನೆಯ ಅಂಕಣದಲ್ಲಿ ಶೀರ್ಷಿಕೆ, 650ರಲ್ಲಿ ವಿಷಯ ತುಂಬಿ, ಬಾರ್‌ಕೋಡ್ ಅಂಟಿಸಿ, ಎಲ್ಲವನ್ನೂ ಕಪಾಟಿಗೆ ಕಳಿಸಿದೆ. ಮಾರನೆಯ ವಾರ ಒಬ್ಬ ವಿದ್ಯಾರ್ಥಿನಿ ಬಂದು, ತಾನೇ ಶಿಫಾರಸು ಮಾಡಿದ್ದ ಪುಸ್ತಕದ ಹೆಸರು ಹೇಳಿ, “ಮೇಡಂ, ಬಂದಿದೆಯೇ?” ಎಂದಳು. ಹುಡುಕಿದೆ. ‘ಫಲಿತಾಂಶವಿಲ್ಲ’ ಎಂದು ತೋರಿಸಿತು. ಇನ್ನೂ ಬಂದಿಲ್ಲವಮ್ಮ ಎಂದೆ. ಅವಳು ಇನ್ನೆರಡು ಬಾರಿ ಬಂದಳು. ಎರಡು ಬಾರಿಯೂ ಅದೇ ಮಾತು ಹೇಳಿ ಕಳಿಸಿದೆ.

ಮತ್ತೊಂದು ಪುಸ್ತಕವನ್ನು ಕಪಾಟಿನಲ್ಲಿಡಲು ಹೋದಾಗ ಅದು ಕಣ್ಣಿಗೆ ಬಿತ್ತು. ಬೆನ್ನಿನ ಚೀಟಿಯಲ್ಲಿ ನನ್ನದೇ ಅಕ್ಷರ. ದಾಖಲೆ ದತ್ತಸಂಚಯದಲ್ಲಿ ಭದ್ರವಾಗಿತ್ತು. ಆದರೆ ಅದನ್ನು ಹುಡುಕಾಟದ ಸೂಚಿಗೆ ಸೇರಿಸುವ ಪ್ರಕ್ರಿಯೆ ಸರ್ವರಿನಲ್ಲಿ ಸದ್ದಿಲ್ಲದೆ ನಿಂತುಹೋಗಿ ಹತ್ತೊಂಬತ್ತು ದಿನಗಳಾಗಿದ್ದವು. ತೆರೆಯ ಮೇಲೆ ಒಂದು ಎಚ್ಚರಿಕೆಯೂ ಇರಲಿಲ್ಲ. ಸ್ವಯಂಸೇವಕರ ಬಳಗಕ್ಕೆ ಬರೆದೆ. ಎರಡು ದಿನಕ್ಕೆ ಒಬ್ಬರು ಬಹಳ ಸೌಜನ್ಯದಿಂದ ಉತ್ತರಿಸಿದರು: ಈ ಒಂದು ಆದೇಶ ಕೊಡಿ, ಸಾಕು. ಅದನ್ನು ಕೊಡಲು ಸರ್ವರಿನ ಗುಪ್ತಪದ ಬೇಕು. ಅದು ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಬಿಟ್ಟುಹೋದ ಹುಡುಗನನ್ನು ಹುಡುಕಿ, ಅವನು ಹಳೆಯ ಟಿಪ್ಪಣಿ ಪುಸ್ತಕ ತೆಗೆದು ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸುವ ಹೊತ್ತಿಗೆ ಮತ್ತೆ ನಾಲ್ಕು ದಿನ. ಆದೇಶ ಕೊಟ್ಟ ಹತ್ತು ನಿಮಿಷದಲ್ಲಿ ಎಲ್ಲ ಪುಸ್ತಕಗಳೂ ತೆರೆಯ ಮೇಲೆ ಬಂದವು. ವಿದ್ಯಾರ್ಥಿನಿಯ ಪರೀಕ್ಷೆ ಮುಗಿದಿತ್ತು.

ಕೋಡ್ ನಮ್ಮ ಕೈಯಲ್ಲಿದೆ ಎಂಬ ಹೆಮ್ಮೆಯವರು ಹೇಳಲಿ, ಗ್ರಂಥಪಾಲಕರೆಲ್ಲ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ರಾತ್ರಿ ಸರ್ವರ್ ಕಾಯಬೇಕೇ? ಕೋಹಾದ ಹೊಸ ಆವೃತ್ತಿ ಮೇ ಮತ್ತು ನವೆಂಬರಿನಲ್ಲಿ, ವರ್ಷಕ್ಕೆ ಎರಡು ಬಾರಿ ಬರುತ್ತದೆ. ಅದನ್ನು ಏರಿಸುವವರು ಯಾರು? ಏರಿಸುವಾಗ ಕೆಟ್ಟರೆ ಕರೆಯುವುದು ಯಾರನ್ನು? ಹಣ ಕೊಟ್ಟು ಒಪ್ಪಂದ ಮಾಡಿಕೊಂಡ ಕಡೆ ಉತ್ತರ ಕೊಡಲೇಬೇಕಾದ ಒಬ್ಬರಿರುತ್ತಾರೆ. ಕೇಳುವ ಹಕ್ಕು ನಮಗಿರುತ್ತದೆ. ದಾಖಲೆ ಸೆರೆಯಾಗುತ್ತದೆ ಎಂಬ ಭಯವನ್ನು ಹೆಚ್ಚು ಮಾಡಿ ಹೇಳುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1960ರ ದಶಕದಲ್ಲಿ ಪುಸ್ತಕದ ದಾಖಲೆ ಬರೆಯಲು ಮಾರ್ಕ್ ಎಂಬ ಸಮಾನ ರೂಪವನ್ನು ಹೊರತಂದದ್ದೇ ಒಂದು ಕಡೆಯ ದಾಖಲೆ ಇನ್ನೊಂದು ಕಡೆಗೆ ಹೋಗಲಿ ಎಂದು.

ವ್ಯೂಫೈಂಡಿನ ಹೊಗಳಿಕೆಯಲ್ಲಿಯೂ ಒಂದು ಮಾತು ಬಿಟ್ಟುಹೋಗಿದೆ. ಅದು ಕಿಟಕಿ ಮಾತ್ರ. ಓದುಗರು ಹುಡುಕುವ ಲಕ್ಷಾಂತರ ಸಂಶೋಧನಾ ಲೇಖನಗಳ ದೊಡ್ಡ ಸೂಚಿಗಳು ಹೆಚ್ಚಿನಂಶ ಕಂಪನಿಗಳ ಕೈಯಲ್ಲಿವೆ. ಅದೇ ಕಿಟಕಿಯಲ್ಲಿ ಅವೂ ಕಾಣಬೇಕೆಂದರೆ ಚಂದಾ ಕಟ್ಟಬೇಕು.

ಈಗ ನಾನಿರುವ ಗ್ರಂಥಾಲಯದಲ್ಲಿ ಒಪ್ಪಂದವಿದೆ, ಕರೆದರೆ ಬರುವವರಿದ್ದಾರೆ. ಆದರೂ ದಿನವೂ ಬೆಳಿಗ್ಗೆ ಹಿಂದಿನ ದಿನ ಸೇರಿಸಿದ ಕೊನೆಯ ಪುಸ್ತಕದ ಹೆಸರನ್ನು ಹುಡುಕಿ ನೋಡುತ್ತೇನೆ. ಅದು ಸಿಕ್ಕ ಮೇಲೆಯೇ ಎರವಲು ಕೌಂಟರನ್ನು ತೆರೆಯುತ್ತೇನೆ.